ಲಫಂಗ್ಯಾ ದೇವರಾದ ವರ್ಷ

ನಮ್ಮ ಮನೆಯ ನಾಯಿ ದೇವರಾದದ್ದು ಒಂದು ರವಿವಾರ ಮಧ್ಯಾಹ್ನ, ಊಟಕ್ಕೆ ಎಲೆ ಹಾಕುವ ಹೊತ್ತಿಗೆ. ಅಲ್ಲಿಯ ತನಕ ಅದು ಬರೀ ಲಫಂಗ್ಯಾ ಆಗಿತ್ತು. ಆ ಹೆಸರಿಟ್ಟವಳು ನನ್ನ ನೆಗೆಣ್ಣಿ ರುಕ್ಮವ್ವ, ಅಂದರೆ ನನ್ನ ಗಂಡ ವಿನೋದನ ಅಣ್ಣ ಅರ್ಜುನಪ್ಪನವರ ಹೆಂಡತಿ. ಬೈರಿದೇವರಕೊಪ್ಪದಲ್ಲಿ ಹೊಲಗಳು ಆಗಷ್ಟೇ ಪ್ಲಾಟುಗಳಾಗುತ್ತಿದ್ದಾಗ ಅಣ್ಣತಮ್ಮ ಸೇರಿ ಮನೆ ಕಟ್ಟಿಸಿದ್ದರು. ಕೆಳಗೆ ಅವರು, ಮೇಲೆ ನಾವು. ನಾನು ನವನಗರದ ಒಂದು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತೇನೆ. ನನ್ನ ವಿಜ್ಞಾನ ನಮ್ಮ ಮನೆಯ ಹೊಸ್ತಿಲು ದಾಟಿ ಒಳಗೆ ಬಂದದ್ದಿಲ್ಲ, ಆ ಮಾತು ಬೇರೆ.

ಲಫಂಗ್ಯಾ ಬಂದದ್ದು ಉಸುಕಿನ ಟ್ರ್ಯಾಕ್ಟರಿನ ಹಿಂದೆ. ಬಂದು ಉಸುಕಿನ ಗುಡ್ಡೆಯ ಮೇಲೆ ಮಲಗಿತು. ಉಸುಕು ಖಾಲಿಯಾಯಿತು, ಗೋಡೆ ಎದ್ದವು, ಬಣ್ಣ ಹೊಡೆದರು, ನಾಯಿ ಮಾತ್ರ ಏಳಲಿಲ್ಲ. ಕಂದು ಮೈ, ಒಂದು ಕಿವಿ ನೆಟ್ಟಗೆ, ಇನ್ನೊಂದು ಜೋತು. ಕಳ್ಳರು ಹಾಡಹಗಲೇ ನಮ್ಮ ನೀರಿನ ಮೋಟರು ಬಿಚ್ಚಿಕೊಂಡು ಹೋದಾಗ ಬಾಲ ಅಲ್ಲಾಡಿಸುತ್ತ ಅವರನ್ನು ಗೇಟಿನ ತನಕ ಕಳಿಸಿ ಬಂದದ್ದು ಇದೇ ಪುಣ್ಯಾತ್ಮ. ಎದುರು ಮನೆಯ ಚಾಂದಬಿ ಅದನ್ನು ಕಂಡೂ, ನಾಯಿ ಇಷ್ಟು ಪ್ರೀತಿ ತೋರಿಸುತ್ತಿದೆ ಅಂದರೆ ಮನೆಯವರೇ ಕರೆಸಿದ ಪ್ಲಂಬರ್ ಇರಬೇಕು ಎಂದುಕೊಂಡಳಂತೆ. ಗ್ಯಾಸ್ ಸಿಲಿಂಡರು ತರುವವನನ್ನು ಕಂಡರೆ ಮಾತ್ರ ಕುತ್ತಿಗೆ ಹರಿದುಕೊಂಡು ಬೊಗಳುತ್ತಿತ್ತು. ಮನೆಗೆ ಬಂದವರ ಚಪ್ಪಲಿಯಲ್ಲಿ ಒಂದನ್ನೇ ಒಯ್ಯುತ್ತಿತ್ತು. ಜೋಡಿ ಒಯ್ದರೆ ಯಾರಿಗಾದರೂ ಉಪಯೋಗಕ್ಕೆ ಬಂದೀತು ಎಂಬ ಹೆದರಿಕೆ ಇದ್ದಿರಬೇಕು.

ಇಂಥ ನಾಯಿಯನ್ನು ರುಕ್ಮವ್ವ ದಿನವಿಡೀ ಬಯ್ಯುತ್ತಿದ್ದಳು. ಆ ಬೈಗುಳ ಕೇಳುವುದೇ ನನಗೊಂದು ಖುಷಿ.

"ಎಲ್ಲಿ ಸಾಯಾಕ ಹೋಗಿದ್ದಿ ಮುಂಜಾನಿಂದ? ರೊಟ್ಟಿ ಬಿಸಿ ಇದ್ದಾಗ ಬರಾಕ ಆಗೂದಿಲ್ಲೇನ ನಿನಗ? ನಿನ್ನ ಹಾದಿ ಕಾಯಕೋಂತ ಕುಂದರಾಕ ನಾ ಏನ ನಿನ್ನ ಆಳ?"

ನಾಯಿ ತಲೆ ಓರೆ ಮಾಡಿ ಕೇಳುತ್ತಿತ್ತು. ಈ ಮಾತು ನಿಜವಾಗಿ ಯಾರಿಗೆ ಸಲ್ಲಬೇಕಿತ್ತು ಎಂದು ಮೇಲಿನ ಮೆಟ್ಟಿಲಲ್ಲಿ ನಿಂತ ನನಗೆ ಗೊತ್ತಿತ್ತು. ಅರ್ಜುನಪ್ಪನವರ ಎದುರು ಅವಳ ಬಾಯಿಂದ 'ಹೂಂರಿ', 'ಇಲ್ರಿ' ಬಿಟ್ಟು ಮತ್ತೊಂದು ಮಾತು ಬಂದದ್ದನ್ನು ನಾನು ಕೇಳಿರಲಿಲ್ಲ. ನವಲಗುಂದಕ್ಕೆ ಕೊಟ್ಟ ಮಗಳು ಬಂದಾಗಲೂ ಗಂಡ ಮನೆಯಲ್ಲಿದ್ದರೆ ಪಿಸುಗುಟ್ಟಿಯೇ ಮಾತಾಡುತ್ತಿದ್ದಳು. ಅಂಥವಳಿಗೆ ಗಂಟಲು ಬಿಚ್ಚಿ ಗದರಿಸಲಿಕ್ಕೆ, ಹುಕುಂ ಮಾಡಲಿಕ್ಕೆ, ಮುನಿಸಿಕೊಂಡು ಕೂಡಲಿಕ್ಕೆ ಇದ್ದದ್ದು ಆ ಒಂದೇ ಜೀವ. ಬೈದು ಬೈದು ದಣಿದ ಮೇಲೆ ಅದರ ಜೋತ ಕಿವಿ ಹಿಡಿದು ತಿಕ್ಕುತ್ತಿದ್ದಳು. ಆಗ ಅವಳ ಮುಖ ನೋಡಬೇಕಿತ್ತು.

ನಮ್ಮ ಭಾವನವರಿಗೆ ತಾರಿಹಾಳದಲ್ಲಿ ನಟ್ಟು ಬೋಲ್ಟಿನ ಸಣ್ಣ ಕಾರ್ಖಾನೆ. ಲೇಥ್ ಯಂತ್ರದ ಗದ್ದಲದಲ್ಲಿ ಆಳುಗಳಿಗೆ ಒದರಿ ಒದರಿ, ಮನೆಗೆ ಬಂದ ಮೇಲೂ ಒದರುವುದು ನಿಲ್ಲುತ್ತಿರಲಿಲ್ಲ. ಅವರ ಬಜಾಜ್ ಸ್ಕೂಟರು ಓಣಿಯ ಮೂಲೆಗೆ ತಿರುಗಿದ್ದೇ ತಡ, ಲಫಂಗ್ಯಾ ಎದ್ದು ಹಿತ್ತಲಿಗೆ ಹೋಗುತ್ತಿತ್ತು, ರುಕ್ಮವ್ವ ಅಡುಗೆ ಮನೆಗೆ. ಹೋಗದೆ ಉಳಿದರೆ ನಾಯಿಗೆ ಬೂಟಿನ ಒದೆ ಖಾಯಂ. ಅವಳಿಗೆ ಏನಿತ್ತೋ ನಾನು ಕೇಳಲಿಲ್ಲ, ಅವಳೂ ಹೇಳಲಿಲ್ಲ.

ಹೊಸ ಸಾವಿರ ಇಸವಿ ಬಂತು ಬಂತು ಎಂದು ಜಗತ್ತೇ ಕುಣಿಯುತ್ತಿದ್ದ ವರ್ಷ ಭಾವನವರು ಕಾರ್ಖಾನೆಯ ಮಾಡಿನಿಂದ ಬಿದ್ದು ಕಾಲು ಮುರಿದುಕೊಂಡರು. ಕಾಲು ಕೂಡಿತು. ಕೂಡಿದರೆ ಮನೆಯಲ್ಲಿ ದೋಣಿ ತುಂಬಿಸುತ್ತೇನೆ ಎಂದು ಅವರು ಹರಕೆ ಹೊತ್ತಿದ್ದರು. ನಮ್ಮ ಮನೆದೇವರು ಮೈಲಾರಲಿಂಗ. ನಾಯಿ ಆತನ ಪರಿವಾರ. ಹರಕೆಯವರ ಮನೆಗೆ ಆತನ ದೀಕ್ಷೆ ಹೊತ್ತ ಗೊರವಯ್ಯಗಳು ಬರುತ್ತಾರೆ. ಕರಿ ಕಂಬಳಿ ಹಾಸಿ, ದೋಣಿ ಎಂಬ ಅಗಲ ಬಾಯಿಯ ಪಾತ್ರೆ ಇಟ್ಟು, ಹಾಲು ತುಪ್ಪ ಸಕ್ಕರೆ ಬಾಳೆಹಣ್ಣು ಹಾಕಿ ತುಂಬುತ್ತಾರೆ. ಆಮೇಲೆ ಗೊರವಯ್ಯಗಳು ದೇವರ ನಾಯಿಗಳಾಗಿ, ಮೊಣಕಾಲೂರಿ, ಬೊಗಳುತ್ತ, ಒಬ್ಬರ ಮೇಲೊಬ್ಬರು ಗುರುಗುಟ್ಟುತ್ತ ಬಂದು ಬಾಯಿಂದಲೇ ಅದನ್ನು ತಿನ್ನುತ್ತಾರೆ. ಸಣ್ಣಂದಿನಿಂದ ನೋಡಿದ್ದೇನೆ, ಮೈ ನವಿರೇಳುತ್ತದೆ. ವಿಜ್ಞಾನದ ಟೀಚರಿಗೂ ಏಳುತ್ತದೆ, ಸುಳ್ಳು ಯಾಕೆ ಹೇಳಲಿ.

ಆ ರವಿವಾರ ಊರಿನಿಂದ ಮಂದಿ ಬಂದಿದ್ದರು. ಲಫಂಗ್ಯಾನನ್ನು ಹಿತ್ತಲಲ್ಲಿ ಹಗ್ಗದಿಂದ ಕಟ್ಟಿದ್ದರು. ಡಮರು ಮೊಳಗಿತು, ಭಂಡಾರ ಹಾರಿತು, ಪಡಸಾಲೆಯೆಲ್ಲ ಅರಿಷಿಣವೋ ಅರಿಷಿಣ. ಗೊರವಯ್ಯಗಳು ಬೊಗಳುತ್ತ ದೋಣಿಗೆ ಬಾಯಿ ಹಾಕಿದ್ದರಷ್ಟೇ. ತನ್ನ ಮನೆಯಲ್ಲಿ ಯಾರೋ ಬೊಗಳುತ್ತಿದ್ದಾರೆ, ಮೇಲಾಗಿ ಹಾಲಿನ ವಾಸನೆ ಬೇರೆ. ಲಫಂಗ್ಯಾ ಹಗ್ಗ ಹರಿದುಕೊಂಡು ಬಂತು. ಮಂದಿಯ ಕಾಲುಗಳ ನಡುವೆ ನುಸುಳಿ, ಇಬ್ಬರು ಗೊರವಯ್ಯಗಳ ಹೆಗಲ ಮಧ್ಯೆ ತಲೆ ತೂರಿಸಿ, ಲೊಚಲೊಚ ನೆಕ್ಕತೊಡಗಿತು. ಗೊರವಯ್ಯ ಒಬ್ಬರು ಮೀಸೆಯ ಮೇಲಿನ ಹಾಲು ಒರೆಸಿಕೊಂಡು ಪಕ್ಕಕ್ಕೆ ನೋಡಿದರು. ಅದೂ ಅವರನ್ನು ನೋಡಿತು.

ಭಾವನವರು ಕೋಲು ಎತ್ತಿದರು. ಲಫಂಗ್ಯಾ ರೂಢಿಯಂತೆ ಬಾಲ ಒಳಗೆ ಹಾಕಿ ನೆಲಕ್ಕೆ ಅಂಟಿಕೊಂಡಿತು. ಅಷ್ಟರಲ್ಲಿ ನನ್ನ ಅತ್ತೆಯ ತಂಗಿ ಕಾಳವ್ವನಿಗೆ ಮೈ ನಡುಗಿತು. ಕಾಳವ್ವನಿಗೆ ನಾಲ್ಕು ಮಂದಿ ಸೇರಿದಲ್ಲಿ ಮೈ ನಡುಗುವುದು ಹೊಸದೇನಲ್ಲ.

"ಹೊಡೀಬ್ಯಾಡಲೇ ಅರ್ಜುನಾ," ಅಂದಳು. "ಅಂವಾ ಬಂದಾನ. ತನ್ನ ಪಾಲು ತಾನ ಉಣ್ಣಾಕ ಬಂದಾನ."

ಕೋಲು ಕೆಳಗೆ ಬಿತ್ತು, ಭಾವನವರೂ ಬಿದ್ದರು, ಉದ್ದಕ್ಕೆ, ಲಫಂಗ್ಯಾನ ಮುಂದೆ. ಒದೆ ಬೀಳುತ್ತದೆ ಎಂದು ಕಣ್ಣು ಮುಚ್ಚಿದ್ದ ನಾಯಿ ಒಂದು ಕಣ್ಣು ತೆರೆದು ನೋಡಿತು. ನಾನು ಬಾಯಿಗೆ ಸೆರಗು ಒತ್ತಿಕೊಂಡು ಮೇಲೆ ಓಡಿಹೋಗಿ ಹೊಟ್ಟೆ ಹಿಡಿದುಕೊಂಡು ನಕ್ಕೆ.

ನಗು ಬಹಳ ದಿನ ಉಳಿಯಲಿಲ್ಲ. ಮರುದಿನವೇ ಕಾರ್ಖಾನೆಯಿಂದ ಹೊಸ ಸರಪಳಿ ಬಂತು, ಅದಕ್ಕೊಂದು ಹಿತ್ತಾಳೆಯ ಗಂಟೆ. ದೇವರು ಓಣಿ ಓಣಿ ತಿರುಗಬಾರದಲ್ಲ. ಪಡಸಾಲೆಯಲ್ಲಿ ಕಂಬಳಿ ಹಾಸಿ ಅದರ ಮೇಲೆ ಲಫಂಗ್ಯಾನನ್ನು ಕಟ್ಟಿದರು. ಹಣೆಗೆ ಭಂಡಾರ, ಕೊರಳಿಗೆ ಚೆಂಡುಹೂವಿನ ಮಾಲೆ. ರವಿವಾರ ಬಂತೆಂದರೆ ಗೇಟಿನ ತನಕ ಪಾಳಿ. ನಾಯಿ ಮಾಲೆ ಹರಿದು ತಿಂದರೆ ಹೂ ಪ್ರಸಾದ, ಸೀನಿದರೆ ಆಶೀರ್ವಾದ, ಬೆನ್ನು ತಿರುಗಿಸಿ ಮಲಗಿದರೆ ಕೆಲಸ ಆಗಲಿಕ್ಕಿಲ್ಲ ಎಂದು ಅರ್ಥ. ತಾರಿಹಾಳದಲ್ಲಿ ಯಾರೂ ಲೆಕ್ಕಕ್ಕೆ ಹಿಡಿಯದಿದ್ದ ಅರ್ಜುನಪ್ಪ ಈಗ 'ಅರ್ಜುನಪ್ಪನವರು'. ಬಿಳಿ ಧೋತರ ಉಟ್ಟು ಪಡಸಾಲೆಯಲ್ಲಿ ಕೂತು, ಯಾವ ಕಡೆಯಿಂದ ಬರಬೇಕು, ಯಾವ ಕೈಯಿಂದ ಮುಟ್ಟಬೇಕು ಎಂದು ಮಂದಿಗೆ ಹೇಳುವುದು ಅವರ ಕೆಲಸ. ಆ ಗತ್ತು ನೋಡಿ ನನ್ನ ಮೈ ಉರಿಯುತ್ತಿತ್ತು.

ರುಕ್ಮವ್ವನಿಗೆ ಹೊಸ ಕಾನೂನುಗಳಾದವು. ಹೆಸರು ಕೂಗಬಾರದು, ಸ್ವಾಮಿ ಅನ್ನಬೇಕು. ಬೈಯಬಾರದು. ಎಂಜಲು ಹಾಕಬಾರದು. ಹೊರಗೆ ಕೂತ ದಿನಗಳಲ್ಲಿ ಹತ್ತಿರ ಹೋಗಲೇಬಾರದು. ಕಿವಿ ಹಿಡಿದು ತಿಕ್ಕುವುದಂತೂ ಮಹಾಪರಾಧ. ಮನೆಯಲ್ಲಿ ಅವಳ ದನಿಯೇ ಇಲ್ಲವಾಯಿತು. ಮೇಲೆ ಕೂತು ಪೇಪರ್ ತಿದ್ದುವಾಗ ಕೆಳಗಿನ ಮೌನ ಕೇಳಿ ಕೇಳಿ ನನಗೆ ತಡೆಯಲಿಕ್ಕಾಗುತ್ತಿರಲಿಲ್ಲ. ಹುಡುಕಿಕೊಂಡು ಕೆಳಗೆ ಹೋದರೆ ಅವಳು ಹಿತ್ತಲಿನ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಸುಮ್ಮನೆ ಕೂತಿರುತ್ತಿದ್ದಳು.

"ಅದಕ್ಕ ಹಾಲು ಒಗ್ಗೂದಿಲ್ಲ ಭುವನಾ," ಅಂದಳು ಒಂದು ದಿನ. "ಹೊಟ್ಟಿ ಝಾಡಸಾಕತ್ತೈತಿ. ಅರಿಷಿಣಾ ಹಚ್ಚಿ ಹಚ್ಚಿ ಮೈ ತುರಸ್ಕೊಂಡು ಜೋತ ಕಿವ್ಯಾಗ ಗಾಯ ಆಗೈತಿ. ರೊಟ್ಟಿ ಇಲ್ಲದ ಅದು ಬದಕೂದಿಲ್ಲ. ಇವರಿಗೆ ಹೇಳವರು ಯಾರು?"

"ನೀವ ಹೇಳ್ರಿ ಅಕ್ಕಾ. ಹೇಳಾಕ ಬಾಯಿ ಇಲ್ಲೇನ ನಿಮಗ?"

"ಇತ್ತು," ಅಂದಳು. "ಅದರ ಮುಂದ ಇತ್ತು."

ಅವಳ ಬದಲು ನಾನೇ ಭಾವನವರಿಗೆ ಹೇಳಿದೆ. ದನದ ಡಾಕ್ಟರಿಗೆ ತೋರಿಸೋಣ, ಕಿವಿ ಕೊಳೆಯುತ್ತಿದೆ ಎಂದೆ. ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿದರು.

"ದೇವರಿಗೆ ದನದ ಡಾಕ್ಟರ? ಭುವನೇಶ್ವರಿ, ನಿನ್ನ ಶಾಣೇತನಾ ಸಾಲ್ಯಾಗ ಇಟ್ಟ ಬಾ ತಂಗಿ."

ರುಕ್ಮವ್ವ ಕದ್ದು ರೊಟ್ಟಿ ಹಾಕತೊಡಗಿದಳು. ಸೆರಗಿನಲ್ಲಿ ಮುಚ್ಚಿ ಒಯ್ದು, ಕಸ ಹೊಡೆಯುವ ನೆವದಲ್ಲಿ ಕಂಬಳಿಯ ಕೆಳಗೆ ತುರುಕಿ ಬರುತ್ತಿದ್ದಳು. ಒಂದು ರವಿವಾರ ಮುಂಜಾನೆ, ಮಂದಿ ಸೇರಿದಾಗಲೇ, ನಾಯಿ ಕಂಬಳಿ ಕೆದರಿ ಕಡಕ್ ರೊಟ್ಟಿಯ ತುಂಡು ಹೊರಗೆಳೆಯಿತು. ಭಾವನವರ ಮುಖ ಕೆಂಪಾಯಿತು. ಎಲ್ಲರ ಎದುರು ಅವಳನ್ನು ಕರೆದರು.

"ಎಂಜಲಾ ಹಾಕೀದಿ. ಬೀಳು ಕಾಲಿಗೆ. ತಪ್ಪಾತು ಅನ್ನು."

ರುಕ್ಮವ್ವ ಬಿದ್ದಳು. ನಾನು ನೋಡುತ್ತಿದ್ದೆ. ಹಣೆ ಕಂಬಳಿಗೆ ತಾಗಿಸಿ "ತಪ್ಪಾತು ಸ್ವಾಮಿ" ಅಂದಳು. ಬಹಳ ದಿನಗಳ ಮೇಲೆ ಅವಳು ಅಷ್ಟು ಹತ್ತಿರ ಸಿಕ್ಕದ್ದಕ್ಕೆ ಲಫಂಗ್ಯಾನಿಗೆ ಹಿಡಿಸಲಾರದ ಸಂತೋಷ. ಅವಳ ಕಿವಿ ನೆಕ್ಕಿತು, ತುರುಬು ಕಚ್ಚಿ ಎಳೆಯಿತು, ಆಡೋಣ ಬಾ ಎಂದು ಮುಂಗಾಲು ಚಾಚಿ ಕುಂಡೆ ಎತ್ತಿ ನಿಂತಿತು. ಸ್ವಾಮಿ ಕ್ಷಮಿಸಿದ ಎಂದು ಮಂದಿ ಕೈ ಮುಗಿದರು. ಅವಳು ಎದ್ದಾಗ ಕಣ್ಣು ತುಂಬಿದ್ದವು, ತುಟಿ ಮಾತ್ರ ಒಂದಿಷ್ಟು ನಗುತ್ತಿತ್ತು. ಅದು ನನಗೆ ಬಹಳ ಚುಚ್ಚಿತು.

ಪ್ಲಾಟು ಮಾರುವ ಶಿವಯೋಗೀಶ ಎಂಬವನೊಬ್ಬ ಪ್ರತಿ ರವಿವಾರ ಬರುತ್ತಿದ್ದ. ಬೆರಳಿಗೆಲ್ಲ ಉಂಗುರ, ಸೊಂಟಕ್ಕೆ ಪೇಜರು. ಬಂದವನು ಉಳಿದವರಂತೆ ಹಣೆಗೆ ಭಂಡಾರ ಹಚ್ಚಿ ಹೋಗುವವನಲ್ಲ, ಎರಡೂ ಕೈಯಿಂದ ದೇವರ ತಲೆ ಹಿಡಿದು ಕಿವಿಯಲ್ಲಿ ತನ್ನ ಬೇಡಿಕೆ ಹೇಳುವವ. ಮುಂದೊಂದು ರವಿವಾರ ಅವನು ಹಿಡಿದದ್ದು ಗಾಯದ ಕಿವಿ. "ಅದನ್ನ ಮುಟ್ಟಬ್ಯಾಡ್ರಿ, ಹುಣ್ಣಾಗೈತಿ," ಎಂದು ರುಕ್ಮವ್ವ ಬಾಗಿಲಿಂದಲೇ ಅಂದಳು. ಹೆಂಗಸಿನ ಮಾತು ಯಾರು ಕೇಳಬೇಕು. ಅವನು ಅರಿಷಿಣ ತುಂಬಿದ ಬೆರಳು ಹುಣ್ಣಿನೊಳಗೆ ಒತ್ತಿದ. ಲಫಂಗ್ಯಾ ಕಚ್ಚಿತು. ಯಾವ ನಾಯಿಯಾದರೂ ಕಚ್ಚುತ್ತಿತ್ತು. ನಾನಾಗಿದ್ದರೂ ಕಚ್ಚುತ್ತಿದ್ದೆ.

ಇನ್ನು ತಮಾಷೆ ಕೇಳಿ. ಮೊದಲ ದಿನ ಶಿವಯೋಗೀಶ ಆ ಕಡಿತವನ್ನು ಪ್ರಸಾದ ಎಂದು ಊರೆಲ್ಲ ತೋರಿಸಿ ಬಂದ. ಬಟ್ಟೆ ಸುತ್ತಿದ ಕೈಯನ್ನು ಎದೆಯ ಮಟ್ಟಕ್ಕೆ ಹಿಡಿದು ಅಡ್ಡಾಡಿದ. ಎರಡನೆಯ ದಿನ ಅವನ ಹೆಂಡತಿ ಕೂಗಾಡಿ ದವಾಖಾನೆಗೆ ಎಳೆದೊಯ್ದಳು. ಅಲ್ಲಿ ಡಾಕ್ಟರು ನಾಯಿ ಯಾವುದು, ಹುಚ್ಚು ಹಿಡಿದಿಲ್ಲವಷ್ಟೆ ಎಂದು ಕೇಳಿದರು. ಆ ಒಂದು ಪ್ರಶ್ನೆ ಸಾಕಾಯಿತು. ಸಂಜೆಯೊಳಗೆ ನಮ್ಮ ಓಣಿಯಲ್ಲಿ ಹುಚ್ಚನಾಯಿ ಬಿಟ್ಟು ಬೇರೆ ಮಾತಿಲ್ಲ. ತಿಂಗಳುಗಟ್ಟಲೆ ಅದರಿಂದ ಕೈ ನೆಕ್ಕಿಸಿಕೊಂಡವರೆಲ್ಲ ಸೂಜಿ ಮಾಡಿಸಿಕೊಳ್ಳಲಿಕ್ಕೆ ಪಾಳಿ ನಿಂತರು. ಮನೆಯ ಮುಂದೆ ಬಂದು ನಮ್ಮನ್ನು ಬೈದು ಹೋದವರಿಗೆ ಲೆಕ್ಕವಿಲ್ಲ.

ಇದು ಎಂದಿನಂತೆ ನೀರು ಕುಡಿಯುತ್ತಿದೆ, ಹುಚ್ಚು ಹಿಡಿದ ನಾಯಿ ಹೀಗೆ ಕುಡಿಯುವುದಿಲ್ಲ, ಒಂದಿಷ್ಟು ದಿನ ಕಟ್ಟಿ ಇಟ್ಟು ನೋಡಿದರೆ ತಿಳಿಯುತ್ತದೆ ಎಂದು ನಾನು ಹೇಳಿದೆ. ಯಾರ ಕಿವಿಗೂ ಹೋಗಲಿಲ್ಲ. ಭಾವನವರು ಕಾಳವ್ವನನ್ನು ಊರಿಂದ ಕರೆಸಿದರು. ಕಾಳವ್ವ ಬಂದಳು, ಚಹಾ ಕುಡಿದಳು, ನಡುಗಿದಳು.

"ಸ್ವಾಮಿ ಇದರ ಮೈ ಬಿಟ್ಟ ಹೋಗ್ಯಾನ," ಅಂದಳು. "ಇನ್ನ ಉಳದದ್ದು ಬರೇ ನಾಯಿ."

ಭಾವನವರಿಗೆ ದೊಡ್ಡ ಭಾರ ಇಳಿದಂತಾಯಿತು. ಕಚ್ಚಿದ್ದು ಅವರ ದೇವರಲ್ಲ, ನಾಯಿ. ಅವರ ಮಾನ ಉಳಿಯಿತು. ಕಾರ್ಖಾನೆಗೆ ಫೋನ್ ಹಚ್ಚಿ ಇಬ್ಬರು ಆಳುಗಳನ್ನು ಬರಲಿಕ್ಕೆ ಹೇಳಿದರು, ರಾಡು ತರಲಿಕ್ಕೆ ಹೇಳಿದರು.

ಆಗ ರುಕ್ಮವ್ವ ಅಡುಗೆ ಮನೆಯಿಂದ ಹೊರಗೆ ಬಂದಳು. ಬಂದವಳು ಗಂಡನ ಎದುರಿಗೆ ನಿಂತಳು. ಅಷ್ಟು ಹತ್ತಿರ, ಮುಖ ಎತ್ತಿ ಅವಳು ನಿಂತದ್ದನ್ನು ನಾನು ಹಿಂದೆಂದೂ ಕಂಡಿರಲಿಲ್ಲ.

"ಬರೇ ನಾಯಿ ಆದ್ರ ನನಗ ಕೊಟ್ಟಬಿಡ್ರಿ," ಅಂದಳು. "ದೇವರು ನಿಮ್ಮದಿತ್ತು, ಹೋತು. ನಾಯಿ ನಂದು. ನವಲಗುಂದಕ್ಕ ಮಗಳ ಕಡೆ ಕಳಸ್ತೇನಿ, ಹೊಲದಾಗ ಇರತೈತಿ. ನಿಮ್ಮ ಕಣ್ಣಿಗೆ ಬೀಳೂದಿಲ್ಲ. ನಿಮ್ಮನ್ನ ಇಷ್ಟ ವರ್ಷ ಏನೂ ಬೇಡಿಲ್ಲ ನಾ. ಇದೊಂದ ಕೊಡ್ರಿ."

ಭಾವನವರು ಒಮ್ಮೆ ಅವಳನ್ನು, ಒಮ್ಮೆ ನಾಯಿಯನ್ನು ನೋಡಿದರು. ಅವಳಿಗೆ ಇಷ್ಟು ಮಾತು ಬರುತ್ತದೆ ಎಂಬುದೇ ಅವರಿಗೆ ಗೊತ್ತಿರಲಿಲ್ಲವೇನೋ. ಕೊಟ್ಟೇಬಿಡುತ್ತಾರೆ ಎಂದು ನನಗೊಂದು ಆಸೆ ಹುಟ್ಟಿತು.

"ಮಂದಿ ನಗತಾರ," ಅಂದರು ಕೊನೆಗೆ. "ನಿನ್ನಿ ತನಕಾ ಕಾಲ ಬಿದ್ದದ್ದಕ್ಕ ಇವತ್ತ ಎಂಜಲಾ ಹಾಕಿ ಸಾಕ್ತಾರ ಅಂತಾರ. ದೇವರ ಇದ್ದ ಮೈ ಅದು. ಅದನ್ನ ನಾಯಿ ಹಂಗ ತಿರಗಾಕ ಬಿಡಾಕ ಬರೂದಿಲ್ಲ. ನಡಿ ಒಳಗ."

ಆಳುಗಳು ಬಂದರು. ಹೋದ ರವಿವಾರವಷ್ಟೇ ಇಬ್ಬರೂ ಇದೇ ಕಂಬಳಿಗೆ ಹಣೆ ಹಚ್ಚಿ ಹೋಗಿದ್ದರು. ನಾನು ಅಡ್ಡ ಹೋದೆ. ನನ್ನ ಗಂಡ, ನನ್ನ ಓದಿದ ಗಂಡ, ನನ್ನ ರಟ್ಟೆ ಹಿಡಿದು ಪಕ್ಕಕ್ಕೆ ಎಳೆದು, "ಅಣ್ಣಾರ ವಿಷಯ, ನೀ ನಡುವ ಬಾಯಿ ಹಾಕಬ್ಯಾಡ," ಅಂದ. ಆ ಮಾತಿಗೆ ನಾನು ಅವನನ್ನು ಇನ್ನೂ ಕ್ಷಮಿಸಿಲ್ಲ, ಕ್ಷಮಿಸುವುದೂ ಇಲ್ಲ.

ಪಡಸಾಲೆಯಲ್ಲಿ ಲಫಂಗ್ಯಾ ಎದ್ದು ನಿಂತಿತ್ತು, ಸರಪಳಿಯ ಗಂಟೆ ಸಪ್ಪಳ ಮಾಡಿತು. ಬಂದವರು ಪೂಜೆಯವರೇ ಎಂದುಕೊಂಡಿತು. ಬಾಲ ಅಲ್ಲಾಡಿಸಿತು. ರಾಡು ಹಿಡಿದವನು ಎದುರಿಗೆ ಬಂದಾಗ, ತಿಂಗಳುಗಟ್ಟಲೆ ಎಲ್ಲರೂ ಕಲಿಸಿದ ಹಾಗೆ, ತಲೆ ಬಗ್ಗಿಸಿ, ಕಣ್ಣು ಮುಚ್ಚಿ, ಭಂಡಾರ ಹಚ್ಚಿಸಿಕೊಳ್ಳಲಿಕ್ಕೆ ಹಣೆ ಮುಂದೆ ಮಾಡಿತು.

ರುಕ್ಮವ್ವ ಅಡುಗೆ ಮನೆಯ ಬಾಗಿಲಲ್ಲಿ ನಿಂತು "ಲಫಂಗ್ಯಾ" ಎಂದು ಒಂದೇ ಸಲ ಕೂಗಿದಳು. ಅದು ಕಿವಿ ಎತ್ತಿತು. ಮುಂದಿನದನ್ನು ನಾನು ಬರೆಯುವುದಿಲ್ಲ.

ಶಿವಯೋಗೀಶನಿಗೆ ಏನೂ ಆಗಲಿಲ್ಲ. ಯಾರಿಗೂ ಆಗಲಿಲ್ಲ. ಸೂಜಿಗಳೆಲ್ಲ ಮುಗಿದು ಕೈಗೆ ಚರ್ಮ ಬಂದ ಮೇಲೆ, ನಿಂತುಹೋಗಿದ್ದ ಅವನ ವ್ಯವಹಾರವೂ ಕುದುರಿತಂತೆ. ಕಚ್ಚಿದ್ದೇ ವರ ಎಂದು ಮತ್ತೆ ಹೇಳಿಕೊಂಡು ತಿರುಗತೊಡಗಿದ. ಆಗ ಮಂದಿಗೆ ಬೇರೆ ಹೆದರಿಕೆ ಹುಟ್ಟಿತು. ಅರ್ಜುನಪ್ಪ ದೇವರನ್ನು ಕೊಂದ ಎಂದರು. ಅದೇ ವಾರ ಕಾರ್ಖಾನೆಯಲ್ಲಿ ಒಂದು ಯಂತ್ರದ ಬೆಲ್ಟು ಹರಿದು ಭಾವನವರ ಕೆನ್ನೆಗೆ ಬಡಿಯಿತು. ಬೆಲ್ಟು ಹಳೆಯದು, ಹರಿಯಲೇಬೇಕಿತ್ತು. ಆದರೂ ಅವರು ಅದನ್ನು ಸ್ವಾಮಿಯ ಸಿಟ್ಟು ಎಂದೇ ತಿಳಿದರು. ಹಿತ್ತಲಲ್ಲಿ ಲಫಂಗ್ಯಾನನ್ನು ಹುಗಿದ ಜಾಗದ ಮೇಲೆ ಕಲ್ಲಿನ ಕಟ್ಟೆ ಎದ್ದಿತು. ರವಿವಾರ ದೀಪ ಹಚ್ಚುವ ಕೆಲಸ ರುಕ್ಮವ್ವನಿಗೆ. ಹಚ್ಚುತ್ತಿದ್ದಳು. 'ಹೂಂರಿ', 'ಇಲ್ರಿ' ಎರಡೂ ಈಗ ನಿಂತಿದ್ದವು, ತಲೆ ಅಲ್ಲಾಡಿಸುವುದಷ್ಟೇ.

ಅಷ್ಟಕ್ಕೆ ಮುಗಿಯಲಿಲ್ಲ. ಸ್ವಾಮಿಗೆ ಈ ಮನೆಯ ಮೇಲೆ ಇನ್ನೂ ಪ್ರೀತಿ ಇದೆ, ಮತ್ತೊಂದು ಮೈಯಲ್ಲಿ ಬರುತ್ತಾನೆ ಎಂದು ಕಾಳವ್ವ ಅಂದಳು. ಭಾವನವರು ಧೋತರವನ್ನು ಮತ್ತೆ ಇಸ್ತ್ರಿಗೆ ಕೊಟ್ಟರು.

"ನಾಯಿಗೋಳು ನಿನ್ನ ಕಂಡ್ರ ತಾವ ಬರತಾವ," ಎಂದು ರುಕ್ಮವ್ವನಿಗೆ ಹೇಳಿದರು, ಎಂದೂ ಇಲ್ಲದಷ್ಟು ಮೆತ್ತಗಿನ ದನಿಯಲ್ಲಿ. "ಒಂದ ಛಲೋ ಮರಿ ಬಂದ್ರ ಒಳಗ ಕರಕೋ. ನೀನ ಸಾಕು. ನಾ ಏನೂ ಅನ್ನೂದಿಲ್ಲ."

ಅವಳು ತಲೆ ಅಲ್ಲಾಡಿಸಿದಳು.

ಒಂದು ಸಂಜೆ ನಾನು ಸಾಲೆಯಿಂದ ಬರುತ್ತಿದ್ದೆ. ಗೇಟಿನ ಹೊರಗೆ ರುಕ್ಮವ್ವ ನಿಂತಿದ್ದಳು. ಪಕ್ಕದಲ್ಲಿ ಯಾರೋ ಹೊಸ ಮನೆ ಕಟ್ಟುತ್ತಿದ್ದರು, ರಸ್ತೆಯ ಅಂಚಿಗೆ ಜಲ್ಲಿಕಲ್ಲಿನ ರಾಶಿ. ಅದರ ಹಿಂದಿನಿಂದ ಒಂದು ಮರಿ ಬಂತು, ಕರಿ ಬಿಳಿ ಬಣ್ಣದ್ದು, ಹೊಟ್ಟೆ ಉಬ್ಬಿ ಕಾಲು ತೊಡರಿಸಿಕೊಳ್ಳುವ ವಯಸ್ಸು. ಬೇರೆ ಯಾರನ್ನೂ ನೋಡದೆ ನೆಟ್ಟಗೆ ಅವಳ ಕಡೆ ಹೊರಟಿತು. ಅವಳ ಮುಖ ಅರಳಿದ್ದು ನನಗೆ ಕಂಡಿತು. ಆಮೇಲೆ ಅವಳು ತಿರುಗಿ ಒಳಗೆ, ಪಡಸಾಲೆಯ ಕಡೆ ನೋಡಿದಳು. ಬಾಗಿಲ ಮುಂದೆ ಭಾವನವರ ಸ್ಕೂಟರು ನಿಂತಿತ್ತು.

ರುಕ್ಮವ್ವ ಬಗ್ಗಿದಳು. ಎತ್ತಿಕೊಳ್ಳುತ್ತಾಳೆ ಎಂದುಕೊಂಡೆ. ಅವಳು ಎತ್ತಿಕೊಂಡದ್ದು ಕಲ್ಲು. ಅದು ಮರಿಯ ಕಾಲಿಗೆ ತಾಗಿತು. ಮರಿ ಕುಂಯ್ ಎಂದು ಚೀರಿ ಅಷ್ಟು ದೂರ ಹೋಯಿತು, ನಿಂತಿತು, ಏನೋ ತಪ್ಪಾಗಿರಬೇಕು ಎಂಬಂತೆ ತಿರುಗಿ ಬಾಲ ಅಲ್ಲಾಡಿಸುತ್ತ ಮತ್ತೆ ಬಂತು.

"ಬರಬ್ಯಾಡ," ಅಂದಳು ರುಕ್ಮವ್ವ. ಎಷ್ಟೋ ದಿನಗಳ ಮೇಲೆ ಅವಳ ದೊಡ್ಡ ದನಿ ಕೇಳಿದೆ. "ಹೋಗ. ಈ ಮನೀಗೆ ಬರಬ್ಯಾಡ. ಎಲ್ಲಿ ಬೇಕಾದಲ್ಲಿ ಹೋಗಿ ಬದಕ, ಹೋಗ."

ಅದು ಬರುತ್ತಲೇ ಇತ್ತು. ಅವಳು ಅಳುತ್ತ ಇನ್ನೊಂದು ಕಲ್ಲು ಎತ್ತಿಕೊಂಡಳು. ಈ ಸಲದ್ದು ಮೊದಲಿನದಕ್ಕಿಂತ ದೊಡ್ಡದು. ಗುರಿ ನೋಡಿ ಹೊಡೆದಳು.